ನೀರು ಕಾಣದ ಪಿಸ್ತೂಲು

"ಇದಕ್ಕೆ ಒಮ್ಮೆಯಾದರೂ ನೀರು ತುಂಬಿಸಿದ್ದುಂಟಾ?" ಬಿಳಿ ಕೈಗವಸು ತೊಟ್ಟ ರವಿಚಂದ್ರ ತಗಡಿನ ನೀರು ಪಿಸ್ತೂಲನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಕೇಳಿದ. ಹಳೆಯ ನೀರು ಪಿಸ್ತೂಲುಗಳನ್ನು ಸಂಗ್ರಹಿಸುವ ಮಹತ್ಕಾರ್ಯಕ್ಕಾಗಿ ಬ್ಯಾಂಕಿನ ಕೆಲಸವನ್ನೇ ಬಿಟ್ಟವನು. ಬ್ರಹ್ಮಾವರದ ಮನೆಯಲ್ಲಿ ಗಾಜಿನ ಕಪಾಟುಗಳು ತುಂಬಿದ್ದವು. ಇದೊಂದಕ್ಕಾಗಿ ಬೈಂದೂರಿನ ಜಲಜಮ್ಮನ ಮನೆಗೆ ಬಂದಿದ್ದ.

"ನೀರಾ?" ಜಲಜಮ್ಮನಿಗೆ ಅವಮಾನವಾಯಿತು. "ನಮ್ಮನಿಯವ್ರ್ ಬೊಂಬಾಯಿಂದ ತಂದದ್ದ್. ತಂದ್ ದಿನವೇ ಶೋಕೇಸಲ್ ಇಟ್ ಬೀಗ ಹಾಕಿದೆ. ಯಾರಿಗೂ ಮುಟ್ಟುಕ್ ಬಿಡ್ಲಿಲ್ಲ."

ಯಾರಿಗೂ ಎಂದರೆ ಮಗ ಕುಷ್ಟನಿಗೆ. ಅವನಿಗೆ ಏಳು ವರ್ಷವಾಗಿದ್ದಾಗ ಅಪ್ಪ ಅವನಿಗೆಂದೇ ತಂದದ್ದು ಅದು. ಬಂದ ನೆಂಟರೆಲ್ಲ ನೋಡಿ ಹೊಗಳಿದರು. ಕುಷ್ಟನೂ ನೆಂಟರ ಹಿಂದೆ ನಿಂತು ನೋಡಿದ. ಊರ ಹುಡುಗರು ಬಿದಿರಿನ ಪಿಚಕಾರಿಯಲ್ಲಿ ನೀರು ಹಾರಿಸಿ ಓಡಿದರೆ, ಮನೆಯಲ್ಲಿ ಬೊಂಬಾಯಿ ಪಿಸ್ತೂಲಿದ್ದವನು ಒದ್ದೆ ಚಡ್ಡಿಯಲ್ಲಿ ನಿಂತಿರುತ್ತಿದ್ದ. ದೊಡ್ಡವನಾದ ಮೇಲೆ ಕೊಡುತ್ತೇನೆ ಎಂದಿದ್ದಳು ತಾಯಿ. ಈಗ ತಲೆ ಮುಕ್ಕಾಲು ನರೆತಿದೆ. ಅಷ್ಟು ದೊಡ್ಡವನಾದದ್ದು ಸಾಲದೇನೋ.

"ಒಂದು ಮಗುವೂ ಮುಟ್ಟದ ಆಟಿಕೆ. ಇಂಥದ್ದು ಸಿಗಲು ಪುಣ್ಯ ಬೇಕಮ್ಮ," ಎಂದ ರವಿಚಂದ್ರ. "ನಮ್ಮಲ್ಲಿಯೂ ನೀರಿಗೆ ಪ್ರವೇಶವಿಲ್ಲ."

ಜಲಜಮ್ಮನಿಗೆ ಈ ವಯಸ್ಸಿನಲ್ಲಿ ಕೊನೆಗೂ ತನ್ನ ಗೋತ್ರದವನೊಬ್ಬ ಸಿಕ್ಕಿದ್ದ. "ಹಂಗಾರೆ ನೀವೇ ತಕಣಿ. ನಿಮ್ಮತ್ರ ಇದ್ರೆ ಹಾಳಾತಿಲ್ಲ."

ಬಾಗಿಲ ಬಳಿ ನಿಂತಿದ್ದ ಕುಷ್ಟ ಒಂದು ಹೆಜ್ಜೆ ಮುಂದೆ ಬಂದ. ಇವತ್ತು ಹೋದರೆ ಹೋಯಿತು. ಅದರಿಂದ ಒಂದೇ ಒಂದು ಸಲ ನೀರು ಹಾರಿಸುವ ಆಸೆ ಇಷ್ಟು ವರ್ಷವಾದರೂ ಸತ್ತಿರಲಿಲ್ಲ.

"ಹ್ವಾಯ್, ಒಂದ್ಸಲ ಕೊಡಿ, ಕಂಡ್ ಕೊಡ್ತೆ," ಎಂದವನು ಉತ್ತರಕ್ಕೆ ಕಾಯದೆ ಪಿಸ್ತೂಲು ಕಸಿದುಕೊಂಡು ಬಾವಿಕಟ್ಟೆಗೆ ಓಡಿದ. ಕೊಡಪಾನದಲ್ಲಿ ಮುಳುಗಿಸಿ ನೀರು ತುಂಬಿಸಿದ. ಬೊಬ್ಬೆ ಹೊಡೆಯುತ್ತ ಬಂದ ರವಿಚಂದ್ರನ ಎದೆಗೇ ಗುರಿಯಿಟ್ಟು ಟ್ರಿಗರ್ ಒತ್ತಿದ.

ಕಿರ್ ಎಂದಿತು, ಅಷ್ಟೇ. ಒಳಗಿನ ರಬ್ಬರು ಯಾವ ಕಾಲದಲ್ಲೋ ಪುಡಿಯಾಗಿತ್ತು. ನೀರು ಮುಂದಕ್ಕೆ ಹಾರದೆ ಅವನದೇ ಮೊಣಕೈಯಿಂದ ಇಳಿದು ಲುಂಗಿ ಒದ್ದೆ ಮಾಡಿತು. ಟ್ರಿಗರು ಕಿತ್ತು ಬೆರಳಿಗೇ ಬಂತು. ಕುಷ್ಟನಿಗೆ ಸಿಟ್ಟು ಬರಲಿಲ್ಲ, ಅಳು ಬಂತು.

"ನೀರು ಹಾಕಿದಿರಾ?" ರವಿಚಂದ್ರ ಬಾವಿಕಟ್ಟೆಯ ಮೇಲೆ ಕುಸಿದು ಕುಳಿತ. ಹಾಲಿಗೆ ವಿಷ ಹಾಕಿದವರನ್ನು ಕೇಳುವ ದನಿ ಅದು.

ಜಲಜಮ್ಮ ನಿಧಾನವಾಗಿ ಅಂಗಳಕ್ಕೆ ಇಳಿದು ಬಂದಳು. ನರೆತ ತಲೆಯ ಮಗನ ಕೈಯಿಂದ ಪಿಸ್ತೂಲು ತೆಗೆದುಕೊಂಡು, ಸೆರಗಿನಿಂದ ಒರೆಸುತ್ತ ರವಿಚಂದ್ರನಿಗೆ ಹೇಳಿದಳು:

"ಸಣ್ ಮಕ್ಳ್ ಕೈಗ್ ಕೊಟ್ರೆ ಹಾಳ್ ಮಾಡ್ತೊ ಅಂದೇಳಿ ನಾ ಅವತ್ತೇ ಹೇಳಿದ್ದೆ."