ಕಬ್ಬಿಣವಾದ ಬುಗುಡಿ

ಸೂರ್ಯ ಮಂಕಾದ ಮೇಲೆ ಧಾರವಾಡದ ಮನೆಮನೆಯಲ್ಲೂ ಅಣು ಒಲೆಗಳೇ ಉರಿಯುತ್ತಿದ್ದವು. ಪರಮಾಣು ಬೀಜಗಳು ಸಡಿಲವಾಗಿ ಕಟ್ಟಿಕೊಂಡಿರುವ ಸೀಸದಂಥ ಭಾರದ ಲೋಹ ಹಾಕಿದರೆ ವಾರಗಟ್ಟಲೆ ಶಾಖ. ಕೊನೆಗೆ ಬಿಗಿಬಂಧದ ಕಬ್ಬಿಣ ಉಳಿಯುತ್ತಿತ್ತು. ಅದು ಮತ್ತೆ ಯಾವ ಒಲೆಯಲ್ಲೂ ಉರಿಯುತ್ತಿರಲಿಲ್ಲ.

ಆ ಚಳಿಗಾಲ ಸೀಸದ ಗಾಡಿ ಬರಲೇ ಇಲ್ಲ. ನೀಲವ್ವನ ಬಾಣಂತಿ ಮಗಳು ಕೂಸನ್ನು ಅವಚಿಕೊಂಡು ನಡುಗುತ್ತಿದ್ದಳು. ಚಿನ್ನವೂ ಉರಿಯುತ್ತದೆಂದು ನೀಲವ್ವನಿಗೆ ಗೊತ್ತಿತ್ತು. ಆದರೆ ಕೈಯಲ್ಲಿದ್ದ ತನ್ನ ಚಿನ್ನದ ಪಾಟಲಿ ಬಳೆಗಳನ್ನು ತೆಗೆಯಲು ಮನಸ್ಸು ಬರಲಿಲ್ಲ. ಟ್ರಂಕು ತೆರೆದು, ತಂಗಿ ಕಸ್ತೂರಿ ನಂಬಿ ಇಟ್ಟುಹೋಗಿದ್ದ ಅವ್ವನ ಕಿವಿಯ ಬುಗುಡಿಗಳನ್ನು ಒಲೆಗೆ ಹಾಕಿದಳು. ಮನೆ ಬೆಚ್ಚಗಾಯಿತು. ಕೂಸು ಉಳಿಯಿತು.

ಶಿವರಾತ್ರಿಗೆ ಕಸ್ತೂರಿ ಬಂದಳು. "ಅಕ್ಕಾ, ಅವ್ವನ ಬುಗುಡಿ ಕೊಡ. ಮಗಳ ಮದವಿಗೆ ಹಾಕ್ತೀನಿ."

ನೀಲವ್ವ ಒಲೆಯ ತಳದಿಂದ ಎರಡು ಕಪ್ಪು ಗುಂಡು ತೆಗೆದು ಅವಳ ಅಂಗೈಯಲ್ಲಿಟ್ಟಳು. "ಕೂಸು ಸಾಯ್ತಿತ್ತವಾ. ಬ್ಯಾರೆ ದಾರಿ ಇರಲಿಲ್ಲ."

"ಕೂಸಿಗಿಂತ ಬುಗುಡಿ ದೊಡ್ಡದೇನಕ್ಕಾ" ಎನ್ನುತ್ತ ಕಸ್ತೂರಿ ಅಕ್ಕನ ಕೈ ಹಿಡಿದಳು. ಹಿಡಿದ ಕೈಗೆ ಪಾಟಲಿ ತಗುಲಿತು. ಅವಳು ಅದನ್ನೂ ತನ್ನ ಅಂಗೈಯ ಕಬ್ಬಿಣವನ್ನೂ ನೋಡಿದಳು.

ನೀಲವ್ವ ಅವಸರದಿಂದ ಪಾಟಲಿ ಕಳಚಿದಳು. "ಇವನ್ನರ ಒಯ್ಯಿ, ತಂಗೀ. ನಾ ತಪ್ಪ ಮಾಡಿದೆ."

ಕಸ್ತೂರಿ ಅವನ್ನು ತಾನೇ ಅಕ್ಕನ ಕೈಗೆ ಮತ್ತೆ ಏರಿಸಿದಳು. "ಈಗ್ಯಾಕಕ್ಕಾ? ಚಳಿ ಹೋತಲ್ಲ."

ಕಬ್ಬಿಣದ ಗುಂಡುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟಳು. ಮಗಳ ಮದುವೆಗೆ ಊರವರನ್ನೆಲ್ಲ ಕರೆಯಲು ಬಂದಾಗ, ನೀಲವ್ವನ ಮನೆಯೊಂದನ್ನು ಬಿಟ್ಟು ಮುಂದೆ ಹೋದಳು.