ಕೈ ಕಟ್ಟಿ ಮಾಡುವ ಲೆಕ್ಕ

"ನಮ್ಮ ಶಾಲೇಲಿ ಒಂದನೇ ಕ್ಲಾಸಿನ ಮಗೂನೂ ಬೆರಳು ಮಡಚಿ ಎಣಿಸಲ್ಲ," ಎಂದು ಅಪ್ಪ-ಅಮ್ಮಂದಿರಿಂದ ತುಂಬಿದ ಸಭೆಗೆ ಮಿಸ್ಸು ಹೇಳಿದರು. "ಕೈ ಕಟ್ಟಿ ನಿಲ್ಲಿಸಿ ಕೇಳ್ತೀವಿ. ಲೆಕ್ಕ ತಲೆಯೊಳಗೇ ಓಡಬೇಕು."

ವೇದಿಕೆಯ ನಡುವೆ ಧೃತಿ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದಳು. ಮಗಳ ಕಾಲಲ್ಲಿ ಹೊಳೆಯುವ ಹೊಸ ಶೂ ಕಂಡು, ಮೊದಲ ಸಾಲಿನಲ್ಲಿದ್ದ ಅಮ್ಮನಿಗೆ ಹೆಮ್ಮೆಯಾಯಿತು. ಬೆಳೆಯೋ ಕಾಲು ಅಂತ ಯಾವಾಗಲೂ ಒಂದು ಸೈಜು ದೊಡ್ಡದನ್ನೇ ತರುತ್ತಿದ್ದಳು. ನಾಲ್ಕು ಜನರೆದುರು ನಿಲ್ಲುವ ದಿನ ಸಡಿಲ ಕಾಣಬಾರದೆಂದು ಈ ಸಲ ಬಿಗಿಯಾಗಿ ಕೂರುವುದನ್ನೇ ಕೊಡಿಸಿದ್ದಳು.

"ಎಂಟಕ್ಕೆ ಏಳು ಕೂಡಿಸಿದರೆ?"

ಕ್ಲಾಸಿಗೆಲ್ಲ ಮೊದಲು ಉತ್ತರ ಹೇಳುವ ಹುಡುಗಿ ತುಟಿ ಪಿಟಕ್ಕೆನ್ನಲಿಲ್ಲ.

"ಹೇಳು ಪುಟ್ಟಾ, ನಿನ್ನೆ ತಾನೇ ಹೇಳಿದ್ಯಲ್ಲ!" ಮಿಸ್ಸಿನ ಮುಖದ ನಗು ಹಾಗೇ ಬಿಗಿದುಕೊಂಡಿತು. "ಕೈ ಬಿಡಬೇಡ. ಆರಕ್ಕೆ ಐದು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎದ್ದು ಹೋಗೋಣವೆಂದರೆ ಅಮ್ಮನ ಎರಡೂ ಕಡೆ ಜನರ ಮೊಣಕಾಲುಗಳು. ಕೂತೇ ಇರೋಣವೆಂದರೆ ಮಗಳ ಒದ್ದೆ ಕಣ್ಣು ತನ್ನ ಮೇಲೇ. ಕೊನೆಗೆ ಮಿಸ್ಸೇ ಧೃತಿಯ ತೋಳು ಹಿಡಿದು ಕೆಳಗಿಳಿಸಿದರು.

"ಮಾನ ಕಳೆದ್ಯಲ್ಲೇ! ಬರೋ ಲೆಕ್ಕಾನೇ ಅಲ್ವಾ ಅದು? ಯಾಕೆ ಬಾಯಿ ಬಿಡಲಿಲ್ಲ?" ಗೇಟು ದಾಟುತ್ತಲೇ ಅಮ್ಮ ಗದರಿದಳು.

ಧೃತಿ ಬಿಕ್ಕುತ್ತಾ ಫುಟ್‌ಪಾತಿನ ಮೇಲೆ ಕೂತು ಶೂ ಕಿತ್ತೆಸೆದಳು.

"ಇದರೊಳಗೆ ಕಾಲಿನ ಬೆರಳು ಮಡಚೋಕೇ ಆಗಲ್ಲಮ್ಮಾ."