ಕಣ್ಣು ಮುಚ್ಚಿ ಹೊಡೆದ ಸಾಲು

“ಮಾಸ್ತರ, ಇಂವ ಬದು ದಾಟಿ ನನ್ನ ಹೊಲದಾಗ ಬಂದಾನ್ರಿ” ಎಂದು ಮಡಿವಾಳೆಪ್ಪ ಎದ್ದು ಮಂಜಪ್ಪನ ಅಂಗಿಗೆ ಕೈಹಾಕಿದ. ಅಲ್ಲಿ ಹೊಲವೂ ಇರಲಿಲ್ಲ, ಬದುವೂ ಇರಲಿಲ್ಲ. ಇದ್ದದ್ದು ಜೈಲಿನ ಅಂಗಳ, ಒಂದು ಬೇವಿನ ಮರ, ಅದರ ಕೆಳಗೆ ಕಣ್ಣು ಮುಚ್ಚಿ ಕೂತ ಕೈದಿಗಳು.

ಗುಡಗೇರಿಯ ಈ ಇಬ್ಬರೂ ಬಾಜು ಹೊಲದವರು. ಮಂಜಪ್ಪ ವರ್ಷಾ ಒಂದು ಸಾಲು ಬದು ಒತ್ತುತ್ತಾನೆಂದು ಮಡಿವಾಳೆಪ್ಪ, ಇಲ್ಲವೆಂದು ಮಂಜಪ್ಪ. ಎತ್ತು ಹೊಡೆಯುವ ಬಾರಕೋಲಿನಿಂದ ಒಬ್ಬರ ತಲೆ ಒಬ್ಬರು ಒಡೆದು ಜೋಡಿಯಾಗಿಯೇ ಒಳಗೆ ಬಂದಿದ್ದರು. ಪಂಚರ ಮುಂದೆ, ಕೋರ್ಟಿನಲ್ಲಿ, ಎಲ್ಲಿಯೂ ಮಂಜಪ್ಪ ಒಪ್ಪಿರಲಿಲ್ಲ.

ಕೈದಿಗಳ ಸಿಟ್ಟು ಇಳಿಸುವ ಪಾಠಕ್ಕೆ ನಿವೃತ್ತ ಮಾಸ್ತರ ಶಂಭುಲಿಂಗಪ್ಪನವರು ವಾರಕ್ಕೊಮ್ಮೆ ಬರುತ್ತಿದ್ದರು. ಉಸಿರು ಎಣಿಸಿರೆಂದರೆ ಒಕ್ಕಲುತನದ ಮಂದಿ ಗೊರಕೆ ಹೊಡೆಯುತ್ತಿದ್ದರು. ಅದಕ್ಕೇ ಅವರೊಂದು ಯುಕ್ತಿ ತೆಗೆದರು: ಸಿಟ್ಟು ಬಂತೋ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ನಿಮ್ಮ ಹೊಲದಲ್ಲಿ ಒಂದು ಸಾಲು ನೇಗಿಲು ಹೊಡೆಯಿರಿ, ಆಚೆ ಬದು ಮುಟ್ಟುವುದರೊಳಗೆ ಸಿಟ್ಟು ಇಳಿದಿರುತ್ತದೆ. ಪಾಠದಲ್ಲಿ ತಂಟೆ ಮಾಡದವರನ್ನು ಹಿಂಗಾರಿ ಬಿತ್ತನೆಗೆ ಮೊದಲೇ ಬಿಡಿಸಲು ಮೇಲಿನವರಿಗೆ ಹೇಳುವುದಾಗಿ ಜೈಲರ್ ಸಾಹೇಬರೂ ಮಾತು ಕೊಟ್ಟಿದ್ದರು.

ಬಿತ್ತನೆ ತಪ್ಪಿದರೆ ವರ್ಷದ ಜೋಳ ಹೋದಂತೆ. ಹೀಗಾಗಿ ಮಡಿವಾಳೆಪ್ಪ ಅಗದಿ ಶಿಸ್ತಿನಿಂದ ಮನಸ್ಸಿನ ಸಾಲು ಹೊಡೆಯುತ್ತಿದ್ದ. ಆದರೆ ಒಂದು ಕಣ್ಣು ಮಾತ್ರ ಅರೆ ತೆರೆದು ಮಂಜಪ್ಪನ ಮೇಲಿಟ್ಟಿದ್ದ. ನೇಗಿಲು ಹಿಡಿದವನಂತೆ ಮುಷ್ಟಿ ಕಟ್ಟಿ ಕೂತಿದ್ದ ಮಂಜಪ್ಪ ಮೆಲ್ಲಗೆ ಎಡಕ್ಕೆ ವಾಲಿದ. ಊರಲ್ಲಿ ಅವನ ಹೊಲದ ಎಡಕ್ಕೇ ಮಡಿವಾಳೆಪ್ಪನ ಹೊಲ. ಆಗಲೇ ಇವನು ರಕ್ತ ಕುದಿದು ಅಂಗಿಗೆ ಕೈಹಾಕಿದ್ದು.

ಗದ್ದಲ ಕೇಳಿ ಜೈಲರ್ ಸಾಹೇಬರು ಹೊರಗೆ ಬಂದರು. ಮಡಿವಾಳೆಪ್ಪ ಈ ವರ್ಷದ ಬಿತ್ತನೆ ತನ್ನ ಕೈಯಾರೆ ಹಾಳಾಯಿತೆಂದುಕೊಂಡ.

ಮಾಸ್ತರರು ನಗು ನುಂಗಿಕೊಂಡು ಕೇಳಿದರು. “ಖರೇ ಏನಪಾ ಮಂಜಪ್ಪ?”

ಇಲ್ಲವೆಂದಿದ್ದರೆ ಮುಗಿದೇ ಹೋಗುತ್ತಿತ್ತು. ಅವನ ಮನಸ್ಸಿನೊಳಗಿನ ಹೊಲ ಕಂಡವರು ಯಾರು? ಮಂಜಪ್ಪ ನೇಗಿಲಿಗೆಂದು ಕಟ್ಟಿದ್ದ ಮುಷ್ಟಿ ಬಿಚ್ಚಿದ.

“ಹೌದ್ರಿ. ಒಂದ ಸಾಲು ಒಳಗ ಹೊಕ್ಕಿದ್ದೆ” ಎಂದ. ಆಮೇಲೆ ಸಣ್ಣ ದನಿಯಲ್ಲಿ, “ಊರಾಗೂ.”

ಮಡಿವಾಳೆಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗುವೇ ಮೊದಲು ಬಂತು. ಉಳಿದವರೂ ನಕ್ಕರು. ಏನು ನಡೆದಿದೆಯೆಂದು ಸಾಹೇಬರು ಕೇಳಿದ್ದಕ್ಕೆ ಮಾಸ್ತರರು, ಏನಿಲ್ಲ, ಬದು ಹಾಕುವ ಕೆಲಸ ನಡೆದಿದೆ ಎಂದರು. ಸಾಹೇಬರು ಮೀಸೆಯಲ್ಲೇ ನಕ್ಕು ಒಳಗೆ ಹೋದರು.

ಮಡಿವಾಳೆಪ್ಪ ಹಿಡಿದಿದ್ದ ಅಂಗಿ ಬಿಟ್ಟು, ಅದರ ನಿರಿಗೆ ಸವರಿ, ಮತ್ತೆ ಬಾಜೂಕೇ ಕೂತ.

“ಹೊಳ್ಳಿಸಿ ಇನ್ನೊಂದ ಸಾಲು ಹೊಡಿಯಲೇ ಮಂಜ್ಯಾ. ಈ ಸರತಿ ನಾ ಎರಡೂ ಕಣ್ಣು ಮುಚ್ಚತೇನಿ.”